ಬಣ್ಣದ ಚರ್ಚಿನಲ್ಲಿ ಬರೆದ ಹೆಸರು

2016ರ ನವೆಂಬರಿನ ಒಂದು ಸೋಮವಾರ ಬೆಳಿಗ್ಗೆ ಏಳಕ್ಕೆ ಟೆಕ್ಸಾಸಿನ ನಮ್ಮೂರು ರೌಂಡ್ ರಾಕ್ ಬಿಟ್ಟೆವು. ಮರುದಿನ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ನನ್ನ ಸ್ಕ್ಯಾನಿನ ಫಲಿತಾಂಶ ಹೇಳುವವರಿದ್ದರು. ನನ್ನ ಕ್ಯಾನ್ಸರಿಗೆ ಎರಡು ಔಷಧಿ ನಾಟಿರಲಿಲ್ಲ. ಮೂರನೆಯದೂ ನಾಟದಿದ್ದರೆ ಮುಂದೆ ಏನೂ ಉಳಿದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಡ್ರೈವ್ ಮಾಡುತ್ತಿದ್ದವಳು ಹೆಂಡತಿ ಸುಮಾ.

ಇರ್ವಿಂಗ್ ಊರಿನ ಗುಡಿಯಿಂದ ಹಿಡಿದು ಟೆಕ್ಸಾಸಿನ ದೇವಸ್ಥಾನಗಳನ್ನೆಲ್ಲ ಅವಳು ನನಗಾಗಿ ಸುತ್ತಿ ಮುಗಿಸಿದ್ದಳು. ದಾರಿಯಲ್ಲಿ ಸಿಗುವ ಜೆಕ್ ವಲಸಿಗರ ಹಳ್ಳಿಯೊಂದರ ದಿಣ್ಣೆಯ ಮೇಲೆ ನೂರು ವರ್ಷ ದಾಟಿದ ಪುಟ್ಟ ಚರ್ಚಿದೆ, ಬೇಡಿಕೊಂಡದ್ದು ನಡೆಯುತ್ತದೆ ಎಂದು ಆಫೀಸಿನಲ್ಲಿ ಯಾರೋ ಅವಳ ಕಿವಿಗೆ ಹಾಕಿದ್ದರು. ನನಗೆ ಯಾವ ದೇವರ ಮೇಲೂ ಭರವಸೆ ಉಳಿದಿರಲಿಲ್ಲ. ಬೇಡವೆನ್ನುವ ತ್ರಾಣವೂ ಇರಲಿಲ್ಲ.

ತೊಂಬತ್ತು ಮೈಲಿ, ಎರಡು ಗಂಟೆ, ಉದ್ದಕ್ಕೂ ಚಳಿಗಾಳಿ. ಬೇಕರಿಯೊಂದರಲ್ಲಿ ಹಣ್ಣು ತುಂಬಿದ ಬನ್ನು ತೆಗೆದುಕೊಂಡೆವು. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಚರ್ಚಿನ ಹೊರಗೆ ಬರೀ ಬಿಳಿ ಹಲಗೆ. ಒಳಗೆ ನೀಲಿ ಚಾವಣಿಯ ತುಂಬ ನಕ್ಷತ್ರ, ಬಳ್ಳಿ. ಅಮೃತಶಿಲೆ ಕೊಳ್ಳಲಾಗದ ಆ ಬಡವರು ಮರದ ಕಂಬಗಳಿಗೇ ಅಮೃತಶಿಲೆಯ ಬಣ್ಣ ಬಳಿದಿದ್ದರು. ಬಾಳಿ ತೋರಿಸುತ್ತೇವೆಂದು ಬಂದವರ ಹಟ ಅದು. ನೋಡುತ್ತ ನನಗೆ ಹೊಟ್ಟೆಕಿಚ್ಚಾಯಿತು.

ಸುಮಾ ಬಾಗಿಲಲ್ಲೇ ಶೂ ಕಳಚಿ ಒಳಗೆ ಹೋಗಿದ್ದಳು. ಮೇಣದಬತ್ತಿಗಳ ಪಕ್ಕ ದಪ್ಪ ಪುಸ್ತಕವೊಂದನ್ನು ತೆರೆದಿಟ್ಟಿದ್ದರು. ಪುಟದ ತುಂಬ ಹೆಸರುಗಳು. "ಇಲ್ಲೂ ಅರ್ಚನೆಗೆ ಹೆಸರು ತಗೋತಾರೆ ಕಣ್ರೀ," ಎಂದು ಖುಷಿಯಿಂದ ನನ್ನ ಹೆಸರು, ಗೋತ್ರ, ನಕ್ಷತ್ರ ಎಲ್ಲ ಇಂಗ್ಲಿಷಿನಲ್ಲಿ ದುಂಡಗೆ ಬರೆದಳು.

ಚರ್ಚು ನೋಡಿಕೊಳ್ಳುವ ಮುದುಕಿ ಬಂದು ಓದಿದರು. "ಪ್ರಕಾಶ್ ಅಂದರೆ ನಿಮ್ಮ ತಂದೆಯವರಾ? ಯಾವಾಗ ತೀರಿಕೊಂಡರು?" ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು.

"ಪ್ರಕಾಶ್ ನಾನೇ," ಎಂದೆ.

ನವೆಂಬರಿಡೀ ಅಲ್ಲಿ ಸತ್ತವರಿಗಾಗಿ ಪ್ರಾರ್ಥನೆ ನಡೆಯುತ್ತದಂತೆ. ಅದು ಆ ಸತ್ತವರ ಹೆಸರಿನ ಪುಸ್ತಕ. ಮುದುಕಿಯ ಮುಖ ಬಿಳಿಚಿಕೊಂಡಿತು. "ಈಗಲೇ ಹೊಡೆದುಹಾಕುತ್ತೇನೆ," ಎಂದು ಪೆನ್ನು ಎತ್ತಿಕೊಂಡರು.

ಸುಮಾ ಅವರ ಕೈ ಹಿಡಿದುಕೊಂಡಳು. "ಹೊಡೀಬೇಡಿ ಅನ್ರೀ! ಬದುಕಿರೋರ ಹೆಸರು ಹೊಡೀತಾರಾ?" ಎಂದು ನನ್ನತ್ತ ತಿರುಗಿದಳು. ಬಿಟ್ಟರೂ ಅಪಶಕುನ, ಹೊಡೆದರೂ ಅಪಶಕುನ. "ನನ್ನ ಕೈಯಾರೆ ಬರೆದ್ನಲ್ರೀ," ಎಂದು ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತಳು. ಕಾಯಿಲೆ ಶುರುವಾದ ಮೇಲೆ ನನ್ನೆದುರು ಅವಳು ಅತ್ತದ್ದು ಅದೇ ಮೊದಲು. ನಾಳೆ ಡಾಕ್ಟರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಸ್ವಲ್ಪ ಹೊತ್ತಿಗೆ ಎದ್ದು ಕಣ್ಣೊರೆಸಿಕೊಂಡಳು. ಮುದುಕಿಯ ಕೈಯಿಂದ ಪೆನ್ನು ತೆಗೆದುಕೊಂಡು, ನನ್ನ ಹೆಸರಿನ ಕೆಳಗೆ ತನ್ನ ಹೆಸರನ್ನೂ ಬರೆದಳು.

"ನಡೀರಿ," ಎಂದಳು, "ಹ್ಯೂಸ್ಟನ್ನಿಗೆ ಇನ್ನೂ ನೂರು ಮೈಲಿ ಇದೆ."