ಕಾಫಿಗೆ ಮುಂಚಿನ ಅರ್ಧ ಗಂಟೆ

ಉತ್ತರಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಒಂದು ಕಾಲದಲ್ಲಿ ಹೊಲದಲ್ಲಿ ಅವರೆಕಾಯಿ ಬೆಳೆದವರು. ರಕ್ತದಲ್ಲಿ ಯೂರಿಕ್ ಆಸಿಡ್ ಏರಿ ಕಾಲಿನ ಹೆಬ್ಬೆರಳು ಊದಿಕೊಂಡ ಮೇಲೆ ಅವರೆಕಾಳು ತಿನ್ನುವುದನ್ನೇ ಬಿಟ್ಟರು. ಊತ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಆಗೆಲ್ಲ ಬಲಗಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ಹಾಲು ತರಲು ಹೋಗುತ್ತಿದ್ದರು. ಕೇಳಿದರೆ, "ಏನಿಲ್ಲ ಬಿಡಿ ಸಾರ್" ಎನ್ನುತ್ತಿದ್ದರು.

ಕೊನೆಗೆ ನಾನೇ ಡಾಕ್ಟರ ಬಳಿ ಕರೆದೊಯ್ದೆ. ರಕ್ತಪರೀಕ್ಷೆಯ ರಿಪೋರ್ಟಿನ ಒಂದು ಹಾಳೆಯನ್ನು ಅವರು ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದರು. ಡಾಕ್ಟರು ಕೇಳಿ ತೆಗೆಸಿದರು. ಥೈರಾಯ್ಡ್ ಸ್ವಲ್ಪ ಮಂದವಾಗಿತ್ತು.

"ಅದು ಹೆಂಗಸ್ರ ಕಾಯಿಲೆ ಅಲ್ವಾ? ನಮ್ಮನೆಯವಳಿಗಿದೆ" ಎಂದರು ಮಾಲೀಕರು.

ನಾನೂ ಗಂಡಸೇ, ಆ ಹಾಳೆಯನ್ನು ನಾನೂ ಮಡಚುತ್ತಿದ್ದೆನೇನೋ.

"ಗಂಡಸ್ರಿಗೂ ಬರತ್ತೆ. ಇದು ಸ್ವಲ್ಪ ಮಂದ ಆದ್ರೂ ಕೆಲವರಿಗೆ ಯೂರಿಕ್ ಆಸಿಡ್ ಸರಿಯಾಗಿ ಹೊರಗೆ ಹೋಗಲ್ಲ. ಎರಡನ್ನೂ ಒಟ್ಟಿಗೇ ನೋಡ್ಬೇಕು" ಎಂದ ಡಾಕ್ಟರು, ಬೆಳಗಿನ ಮಾತ್ರೆಯೊಂದನ್ನು ಬರೆದರು. ನುಂಗಿದ ಮೇಲೆ ಅರ್ಧ ಗಂಟೆ ಕಾಫಿ ಕುಡಿಯುವಂತಿಲ್ಲ.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಮಾತ್ರೆ ನುಂಗಿ ಬಾಗಿಲ ಕಟ್ಟೆಯ ಮೇಲೆ ಕೂತಿದ್ದರು. ಅಲ್ಲಿಯವರೆಗೆ ದಿನವೂ ಆಕೆ ಅವರ ಕೈಗೆ ಕಾಫಿ ಕೊಟ್ಟು, ತಾನು ಬರಿಗೈಯಲ್ಲಿ ಎದುರು ಕೂರುವುದನ್ನು ಕಂಡಿದ್ದೆ.

"ಇಷ್ಟು ವರ್ಷ ಹಿಂಗೇ ಕಾಯ್ತಿದ್ಯಾ?" ಅವರು ಕೇಳಿದರು.

"ಏನಿಲ್ಲ ಬಿಡಿ" ಎಂದರು ಆಕೆ.