ಮಾತಾಡಿಸಬಾರದ ಎರಡು ನಿಮಿಷ

ಅಂಕಲ್ ಎಡಗೆನ್ನೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ನೀಲಿಗಪ್ಪು ಚುಕ್ಕೆಗಳಿದ್ದವು. ನಾನು ಮಚ್ಚೆ ಎಂದುಕೊಂಡಿದ್ದೆ. ನರ್ಸಿಂಗ್ ಓದುತ್ತಿದ್ದವಳ ಹೊಸ ಹುರುಪಿನಲ್ಲಿ, "ಡಾಕ್ಟರಿಗೆ ತೋರಿಸಿ ಅಂಕಲ್, ಇಲ್ಲಿಯ ಬಿಸಿಲು ಒಳ್ಳೇದಲ್ಲ" ಎಂದೆ.

"ಇದು ಇಲ್ಲಿಯ ಬಿಸಿಲಲ್ಲ ಮಾರಾಯ್ತಿ, ಊರಿಂದ ತಂದದ್ದು. ಏರ್‌ಪೋರ್ಟಲ್ಲಿ ಡಿಕ್ಲೇರ್ ಮಾಡ್ಲಿಲ್ಲ ಅಷ್ಟೆ" ಎಂದು ನಕ್ಕುಬಿಟ್ಟರು.

ಎರಡು ಸಾವಿರ ಇಸವಿ ದಾಟಿದ ಮೊದಲ ವರ್ಷಗಳವು. ಮೈಸೂರಿನಿಂದ ಮೆಲ್ಬರ್ನ್‌ಗೆ ಓದಲು ಬಂದ ನಾನು ಡ್ಯಾಂಡಿನಾಂಗ್ ಬಡಾವಣೆಯಲ್ಲಿ ಅವರ ಮನೆಯ ಹಿಂದಿನ ಕೋಣೆ ಹಿಡಿದಿದ್ದೆ. ಮಂಗಳೂರು ಕಡೆಯ ಕ್ರೈಸ್ತರು. ಗಂಡ ಹೆಂಡತಿ ತಮ್ಮೊಳಗೆ ಕೊಂಕಣಿ, ನನ್ನ ಜೊತೆ ಕನ್ನಡ. ವಾರವಿಡೀ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಅಂಕಲ್‌ಗೆ ಇದ್ದದ್ದು ಒಂದೇ ಹುಚ್ಚು, ಒಂದು ಕೇಪಿನ ಕೋವಿ. ತೋಟೆ ಹಾಕಿ ಢಂ ಅನ್ನಿಸುವಂಥದ್ದಲ್ಲ, ಎಲ್ಲವನ್ನೂ ನಳಿಗೆಯ ಬಾಯಿಂದಲೇ ತುಂಬಬೇಕಾದ ಹಳೇ ಕಾಲದ್ದು. ಊರಲ್ಲಿ ಅಣ್ಣನೂ ಅವರೂ ಅಂಥದೇ ಕೋವಿ ಹಿಡಿದು ಗುಡ್ಡ ಸುತ್ತಿದವರಂತೆ. ಇಲ್ಲಿ ಲೈಸೆನ್ಸ್ ಮಾಡಿಸಿ, ಉಕ್ಕಿನ ಬೀರುವಿನಲ್ಲಿಟ್ಟು ಸಾಕುತ್ತಿದ್ದರು. ಅಣ್ಣನಿಗೆ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ತಪ್ಪದೆ ಫೋನ್ ಮಾಡುತ್ತಿದ್ದರು. ಮಾತೆಲ್ಲ ಮಳೆ, ಮೀನು, ನಾಯಿ ಇಷ್ಟೇ.

ಕೋವಿ ತುಂಬುವಾಗ ಅವರು ಬೇರೆಯೇ ಮನುಷ್ಯ. ಮೊದಲು ಗಜ, ಅಂದರೆ ಉದ್ದನೆಯ ಕೋಲನ್ನು, ಖಾಲಿ ನಳಿಗೆಗೆ ಇಳಿಸಿ ನೋಡುವುದು. ಅದರ ಮೇಲೆ ಚಾಕುವಿನಿಂದ ಕೊರೆದ ಗೆರೆ ನಳಿಗೆಯ ಬಾಯಿಗೆ ಸಮ ನಿಂತರೆ ಒಳಗೆ ಏನೂ ಇಲ್ಲ ಎಂದರ್ಥ. ಆಮೇಲೆ ಒಂದು ಅಳತೆ ಮದ್ದು. ಅದರ ಮೇಲೆ ತೆಂಗಿನ ನಾರಿನ ಉಂಡೆ. ಆಂಟಿ ಸಾರಿಗೆ ಕಾಯಿ ಒಡೆದಾಗೆಲ್ಲ ನಾರು ಅಂಕಲ್ ಪಾಲು. ನಂತರ ಸೀಸದ ಗುಂಡಿನ ಚರೆ, ಮತ್ತೆ ನಾರು. ಮದ್ದಿಗೆ ಕಿಡಿ ಕೊಡುವ ಕೇಪು ಕಟ್ಟಕಡೆಗೆ, ಗುರಿ ಎದುರಿಗಿದ್ದಾಗ ಮಾತ್ರ. "ಕೂಸು ಹುಟ್ಟುವ ಮೊದಲು ಕುಲಾವಿ ಬೇಡ" ಎನ್ನುತ್ತಿದ್ದರು. ಆ ಎರಡು ನಿಮಿಷ ಯಾರೂ ಅವರನ್ನು ಮಾತಾಡಿಸಬಾರದು. ಮನೆಗೆ ಬೆಂಕಿ ಬಿದ್ದರೂ ತುಂಬಿ ಆದ ಮೇಲೆ ಹೇಳಿದರೆ ಸಾಕು ಎಂದು ಆಂಟಿ ಗೇಲಿ ಮಾಡುತ್ತಿದ್ದರು.

ಒಂದು ಡಿಸೆಂಬರಿನಲ್ಲಿ ಅವರ ಜೊತೆಯ ಕೆಲಸಗಾರನೊಬ್ಬನ ಜಮೀನಿಗೆ ನನ್ನನ್ನೂ ಕರೆದೊಯ್ದರು. ಯಾರೋ ಸಾಕಿ ಬಿಟ್ಟ ಟರ್ಕಿ ಕೋಳಿಗಳು ಕಾಡುಬಿದ್ದು ಅವನ ಬೆಳೆ ಕೆದರುತ್ತಿದ್ದವು. ಕ್ರಿಸ್‌ಮಸ್‌ಗೆ ಒಂದು ತನ್ನಿ ಎಂದು ಆಂಟಿಯ ಅಪ್ಪಣೆಯೂ ಆಗಿತ್ತು. ನೀರಿನ ತೊಟ್ಟಿಯ ಬಳಿ ಅಂಕಲ್ ಮದ್ದು ಸುರಿಯುತ್ತಿದ್ದರು. ಬೇಲಿಯಾಚೆಯಿಂದ ಗರಿ ಕೆದರಿಕೊಂಡು ದೊಡ್ಡದೊಂದು ಗಂಡು ಟರ್ಕಿ ಬಂತು. ಬಾಯಿಗೆ ಬೀಗ ಹಾಕುವುದು ನನ್ನ ಜಾಯಮಾನದಲ್ಲೇ ಇಲ್ಲ.

"ಅಂಕಲ್, ಅಗೋ ಅಲ್ಲಿ!"

ತಿರುಗಿ ನೋಡಿದರು. ಮತ್ತೆ ಈಚೆ ತಿರುಗಿ ಒಂದು ಅಳತೆ ಸುರಿದರು. ಏನೋ ಅನುಮಾನ ಬಂದು ಗಜ ಇಳಿಸಿದರು. ಗೆರೆ ನಳಿಗೆಯ ಬಾಯಿಂದ ಒಂದು ಬೆರಳು ಮೇಲಿರಬೇಕಾದದ್ದು ಎರಡು ಬೆರಳು ಮೇಲೆ ನಿಂತಿತ್ತು. ಟರ್ಕಿ ಇಪ್ಪತ್ತು ಹೆಜ್ಜೆ ದೂರದಲ್ಲಿ ಆರಾಮವಾಗಿ ಮೇಯುತ್ತಿತ್ತು. ಅಂಕಲ್ ಕೋವಿಯನ್ನು ತಲೆಕೆಳಗು ಮಾಡಿ ಮದ್ದೆಲ್ಲವನ್ನೂ ಕೆಸರಿಗೆ ಸುರಿದು ಕುಳಿತುಬಿಟ್ಟರು.

"ಅಣ್ಣ ತುಂಬಿಸ್ತಾ ಇದ್ದ. ನಾನು ಹತ್ತಿರ ನಿಂತು ಬಾಯಿ ಬಡಿದದ್ದು, ಹಂದಿ ಬಂತು ಅಂತ. ಅವನು ಮದ್ದು ಎರಡು ಸಲ ಹಾಕಿದ. ನಳಿಗೆ ಒಡೆದು ಅವನ ಬಲಗಣ್ಣು ಹೋಯ್ತು. ನನಗೆ ಇಷ್ಟೇ" ಎಂದು ಕೆನ್ನೆ ಮುಟ್ಟಿಕೊಂಡರು.

"ಅಣ್ಣ ಬೈದ್ರಾ ಅಂಕಲ್?"

"ಇಲ್ಲ. ನಲವತ್ತು ವರ್ಷ ಆಯ್ತು, ಒಂದು ಮಾತು ಹೇಳ್ಲಿಲ್ಲ. ಬೈದಿದ್ರೆ ನಾನು ಊರಲ್ಲೇ ಇರ್ತಿದ್ದೆ ಅಂತ ಕಾಣ್ತದೆ."

ವಾಪಸು ಬರುವಾಗ ಕಾರಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. "ನನ್ನನ್ನಾದ್ರೂ ಬೈದುಬಿಡಿ ಅಂಕಲ್" ಎಂದೆ. ಅವರು ಒಂದು ತಿರುವು ದಾಟಿಸಿದರು. ಆಮೇಲೆ ಗಟ್ಟಿಯಾಗಿ, "ಕತ್ತೆ!" ಎಂದರು. ಇಬ್ಬರೂ ನಕ್ಕೆವು. ದಾರಿಯಲ್ಲಿ ಸೂಪರ್‌ಮಾರ್ಕೆಟ್ಟಿನ ಐಸ್ ಹಿಡಿದ ಟರ್ಕಿ ಕೊಂಡು ಆಂಟಿಯ ಮುಂದಿಟ್ಟೆವು.

ಓದು ಮುಗಿದು ನನಗೆ ಸಿಡ್ನಿಯ ಆಸ್ಪತ್ರೆಯೊಂದರಲ್ಲಿ ಕೆಲಸವಾಯಿತು. ಸಿರಿಂಜಿಗೆ ಔಷಧ ತುಂಬುವಾಗ ಯಾರಾದರೂ ಮಾತಾಡಿಸಿದರೆ ಅದನ್ನು ಚೆಲ್ಲಿ ಮೊದಲಿಂದ ಶುರುಮಾಡುತ್ತಿದ್ದೆ. ಜೊತೆಯವರು ನಗುತ್ತಿದ್ದರು, ನಗಲಿ. ಭಾನುವಾರ ಅಣ್ಣನಿಗೆ ಫೋನ್ ಮಾಡಿ ಮುಗಿಸಿದ ಮೇಲೆ ಅಂಕಲ್ ನನಗೆ ಮಾಡುತ್ತಿದ್ದರು.

ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ, ಔಷಧ ತುಂಬುತ್ತಿರುವಾಗ ಜೇಬಿನಲ್ಲಿ ಫೋನ್ ಗುಂಯ್ಗುಟ್ಟಿತು. ನಿಂತು, ಮತ್ತೆ ಗುಂಯ್ಗುಟ್ಟಿತು. ನಾನು ಎತ್ತಲಿಲ್ಲ. ಕೆಲಸ ಮುಗಿಸಿ ವೆರಾಂಡಕ್ಕೆ ಬಂದು ನೋಡಿದರೆ ಅಂಕಲ್ ನಂಬರು. ಮಾಡಿದೆ. ಎತ್ತಿದವರು ಆಂಟಿ. ಬೆಳಿಗ್ಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರಂತೆ. ಹಾಸಿಗೆಯಿಂದ ತಾವೇ ಎರಡು ಸಲ ಫೋನ್ ಮಾಡಿದರಂತೆ.

"ಮೂರನೇ ಸಲ ನಾನು ಮಾಡ್ತೇನೆ ಅಂದೆ ಮಗಾ. 'ಬೇಡ, ಅವಳು ಎಂತದೋ ತುಂಬಿಸ್ತಾ ಇರ್ಬೇಕು, ಮಾತಾಡಿಸ್ಬೇಡ' ಅಂದ್ರು. ಈಗ ಹತ್ತು ನಿಮಿಷ ಆಯ್ತು ಹೋಗಿ."

ಕೋವಿಯನ್ನು ಆಂಟಿ ಪೊಲೀಸರಿಗೆ ಒಪ್ಪಿಸಿದರು. ಗಜವನ್ನು ನನಗೆ ಕೊಟ್ಟರು. ಆ ಗೆರೆಯ ಮೇಲೆ ಆಗಾಗ ಬೆರಳಾಡಿಸುತ್ತೇನೆ. ಅಂದು ನಾನು ಮಾಡಿದ್ದು ಸರಿ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಬೇಕಾಗಿರುವುದು ಅದಲ್ಲ. ಆ ಫೋನ್ ಎತ್ತದಿದ್ದದ್ದಕ್ಕೆ ಯಾರಾದರೂ ಒಮ್ಮೆ ಗಟ್ಟಿಯಾಗಿ "ಕತ್ತೆ!" ಎನ್ನಬೇಕು. ಹಾಗೆ ಬೈಯಬಲ್ಲವರು ಅವರೊಬ್ಬರೇ ಇದ್ದರು.