ತಿಪ್ಪೇಶಪ್ಪ ಸರಿಮಾಡಿದ ಅಲಗಿನ ಬೂಟು

ಜಗಳೂರಿನ ಬಸ್ ಸ್ಟ್ಯಾಂಡಿನ ಎದುರು, ಬೇವಿನ ಮರದ ಬುಡದಲ್ಲಿ ಕೂತು ತಿಪ್ಪೇಶಪ್ಪ ಮೂವತ್ತು ವರ್ಷ ಚಪ್ಪಲಿ ಹೊಲಿದ. ಜನರ ಮುಖ ಮರೆತರೂ ಅವನು ಕಾಲು ಮರೆಯುತ್ತಿರಲಿಲ್ಲ. ಯಾರ ಹಿಮ್ಮಡಿ ಹೊರಗೆ ಸವೆಯುತ್ತದೆ, ಯಾರ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂರುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಹೊಸ ಚಪ್ಪಲಿ ಬಿಗಿ ಎಂದು ಯಾರಾದರೂ ಗೊಣಗಿದರೆ ಅವನ ಉತ್ತರ ಒಂದೇ: "ಚರ್ಮ ಬಿಟ್ಕಂತೈತೆ, ಕಾಲು ಬಿಟ್ಕಳಲ್ಲ. ಎಂಟು ದಿನ ಮೆಟ್ಟಿ ನೋಡ್ರಿ, ಆಮ್ಯಾಲೆ ಬಂದು ಬೈಯ್ರಿ." ಬೈಯಲು ಬಂದವರು ಕಡಿಮೆ.

ಅವನ ಒಬ್ಬನೇ ಮಗ ಜಯಪ್ಪ ಹೈಸ್ಕೂಲು ಮುಗಿಸಿ ಮಿಲಿಟರಿ ಸೇರಿದ. ಲಾರಿ ಡ್ರೈವರಾಗಿ ಲಡಾಖಿನವರೆಗೂ ಹೋದ. ತಿಪ್ಪೇಶಪ್ಪನಿಗೆ ಅದೇ ಒಂದು ಹೆಮ್ಮೆ. ಆ ಹೆಮ್ಮೆಗೆ ಮುಳ್ಳು ಚುಚ್ಚಿದ್ದು ಎಂಬತ್ತೊಂದರಲ್ಲಿ. ಹೊನ್ನಾಳಿ ಕಡೆಯ ಸಿಪಾಯಿಯೊಬ್ಬ ರಜೆಗೆ ಬಂದವನು ಜಗಳೂರಿನಲ್ಲಿ ಬಸ್ಸಿಳಿದು, ನೇರ ಬೇವಿನ ಮರದ ಹತ್ತಿರ ಬಂದ.

"ಅಜ್ಜಾ, ಇಲ್ಲಿ ರೈತರು ತಿಪ್ಪೇಶಪ್ಪೋರ ಮನೆ ಎಲ್ಲಿ ಬರ್ತೈತೆ? ಹತ್ತೆಕರೆ ಶೇಂಗಾ ಹೊಲ ಐತಂತಲ್ಲ, ಅವರು. ಅವರ ಮಗ ಜಯಪ್ಪ ನನ್ನ ಜೊತೆ ಮಿಲಿಟ್ರೀಲಿ ಅದಾನೆ."

ಅವನ ಕೈಯಲ್ಲಿ ಜಯಪ್ಪ ಕಳಿಸಿದ ಒಣಹಣ್ಣಿನ ಪೊಟ್ಟಣವಿತ್ತು. ತಿಪ್ಪೇಶಪ್ಪ ಹಿಡಿದ ದಬ್ಬಳವನ್ನು ಕೆಳಗಿಡಲಿಲ್ಲ. "ಅವರು ಹೊಲಕ್ಕೆ ಹೋಗ್ಯಾರೆ. ಇಲ್ಲಿ ಕೊಡ್ರಿ, ಮುಟ್ಟಿಸ್ತೀನಿ" ಎಂದ.

ಹೀಗೆ ಸ್ವಂತ ಮಗ ಕಳಿಸಿದ ಗಂಟನ್ನು ಯಾರೋ ದಾರಿಹೋಕನ ಹಾಗೆ ಇಸಿದುಕೊಂಡ. ಆ ಹಣ್ಣು ಅವನ ಬಾಯಿಗೆ ಸೇರಲಿಲ್ಲ. ಹೆಂಡತಿ ಹನುಮಂತಮ್ಮನಿಗೂ ವಿಷಯ ಹೇಳಲಿಲ್ಲ. ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಚೆನ್ನಾಗಿಯೇ ಬಂತು. ಆದರೆ ಮಗ ಸಣ್ಣವನಿದ್ದಾಗ ಊರಿನವರು ಅವನ ಬೊಗಸೆಗೆ ಎಷ್ಟು ಎತ್ತರದಿಂದ ನೀರು ಹೊಯ್ಯುತ್ತಿದ್ದರು ಎಂಬುದನ್ನು ಕಂಡವನೂ ಅವನೇ. ಹತ್ತೆಕರೆ ಎಲ್ಲಿಂದ ಹುಟ್ಟಿತು ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಎಂಬತ್ಮೂರರ ಮೇ ತಿಂಗಳಲ್ಲಿ ಜಯಪ್ಪ ರಜೆಗೆ ಬಂದ. ಎರಡನೇ ದಿನ ಮನೆಯಲ್ಲಿ ಬಾಗಿಲು ಅರ್ಧ ಮುಂದೆ ಮಾಡಿ, ಚೀಲದಿಂದ ಒಂದು ಜೊತೆ ಬೂಟು ತೆಗೆದ. ಬೂಟಿನ ಅಡಿಯಲ್ಲಿ ಉದ್ದಕ್ಕೆ ಉಕ್ಕಿನ ಅಲಗು.

"ಅಲ್ಲಿ ಚಳಿಗಾಲಕ್ಕೆ ಕೆರೆ ಗಟ್ಟಿಯಾಗಿ ಬಂಡೆ ಆಗ್ತೈತಪ್ಪ. ಅದರ ಮ್ಯಾಲೆ ಇದನ್ನ ಮೆಟ್ಕಂಡು, ಕೋಲು ಹಿಡ್ದು ಜಾರ್ತಾ ಹಾಕಿ ಆಟ ಆಡ್ತೀವಿ. ಹೋದ ಸಲ ಎರಡು ಮ್ಯಾಚಲ್ಲಿ ನನ್ನ ಎಡಗಾಲು ಹೊರಳ್ತು. ಈ ಚಳಿಗಾಲಕ್ಕೂ ಕಾಲು ನಿಲ್ಲದಿದ್ರೆ ಟೀಮು ಬಿಡು ಅಂದಾರೆ ಸುಬೇದಾರ್ರು. ಸರಿ ಮಾಡಾಕೆ ಆಗ್ತೈತಾ ನೋಡು."

ತಿಪ್ಪೇಶಪ್ಪ ಬೂಟನ್ನು ತಿರುಗಿಸಿ ಮುರುಗಿಸಿ ನೋಡಿದ. ಅಲಗಿನ ನಡುವೆ ಉದ್ದಕ್ಕೆ ಸಣ್ಣ ತೋಡು, ಅತ್ತ ಇತ್ತ ಎರಡು ಅಂಚು. ಯಾವನೋ ತಲೆಕೆಟ್ಟವನು ಸಾಣೆ ಹಿಡಿದಿದ್ದಾನೆ ಎಂದುಕೊಂಡು, ಚರ್ಮ ಕೊಯ್ಯುವ ರಂಪಿಗೆಯ ಹಾಗೆ ಒಂದೇ ಅಂಚು ಮಾಡಲು ಸಾಣೆಕಲ್ಲು ನೆನೆಸಿ ಎರಡು ಸಲ ಉಜ್ಜಿಯೂ ಬಿಟ್ಟ. ಜಯಪ್ಪ ಓಡಿಬಂದು ಕೈ ಹಿಡಿದ.

"ಅದು ಹಂಗೇ ಇರಬೇಕಪ್ಪ. ಆ ಎರಡು ಅಂಚೇ ಹಿಡಿಯೋದು."

"ಮೊದ್ಲೇ ಹೇಳಾಕೆ ಏನಾಗಿತ್ತು ನಿಂಗೆ?" ಎಂದು ಗದರಿದ ತಿಪ್ಪೇಶಪ್ಪ, ಕಡ್ಡಿಗೆ ಉಪ್ಪುಕಾಗದ ಸುತ್ತಿ ಆ ತೋಡನ್ನು ಮತ್ತೆ ತೀಡುತ್ತಾ ಅರ್ಧ ದಿನ ಕೂತ. ತಪ್ಪು ತನ್ನದೆಂದು ಬಾಯಿಬಿಟ್ಟು ಒಪ್ಪುವ ಜಾಯಮಾನ ಅವನದಲ್ಲ.

ಆಮೇಲೆ ಮಗನಿಗೆ ಬೂಟು ಹಾಕಿಸಿ, ಹಿತ್ತಲಿನಲ್ಲಿ ಹಲಗೆಯ ಮೇಲೆ ನಿಲ್ಲಿಸಿದ. ಹಿಮ್ಮಡಿಯ ಹಿಂದೆ ಕೈ ತೂರಿಸಿದರೆ ಎರಡು ಬೆರಳು ಸಲೀಸಾಗಿ ಹೋದವು.

"ಇದನ್ನ ಹೆಂಗೆ ಆರಿಸಿದೆ?"

"ಮಿಲಿಟ್ರಿ ಬೂಟಿನ ನಂಬರೇ ತಗಂಡೆ. ಎರಡು ಜೊತೆ ಉಣ್ಣೆ ಕಾಲುಚೀಲಕ್ಕೆ ಜಾಗ ಇರಲಿ ಅಂದ್ರು."

"ಯಾರು ಅಂದಿದ್ದು, ಮೆಟ್ಟು ಹೊಲಿಯೋನಾ?"

"ಅಲ್ಲ."

"ಮತ್ತೆ?"

ಜಯಪ್ಪ ಬೂಟು ಬಿಚ್ಚಿ ಕೊಟ್ಟ. ಹನುಮಂತಮ್ಮ ತನ್ನ ಹಳೇ ಕಂಬಳಿಯ ಅಂಚು ಕತ್ತರಿಸಿ ಕೊಟ್ಟಳು. ತಿಪ್ಪೇಶಪ್ಪ ಅದನ್ನು ಮಡಚಿ, ತೆಳು ಚರ್ಮದಲ್ಲಿ ಸುತ್ತಿ, ಹಿಮ್ಮಡಿಯ ಹಿಂದೆ ಮತ್ತು ಎರಡೂ ಪಕ್ಕಕ್ಕೆ ಹೊಲಿದ. ಕಾಲು ಮುಂದೆ ಸರಿಯಿತು. ನೆಟ್ಟಗೆ ನಿಂತರೆ ಬೆರಳು ತುದಿಗೆ ತಾಕಬೇಕು, ಮೊಣಕಾಲು ಬಗ್ಗಿಸಿದರೆ ಹಿಂದೆ ಬರಬೇಕು, ಹಿಮ್ಮಡಿ ಮಾತ್ರ ಕದಲಬಾರದು. ಅಷ್ಟಾಗುವವರೆಗೆ ನಾಲ್ಕು ಸಲ ಬಿಚ್ಚಿ ಹೊಲಿದ. ಮಗನ ಹೆಗಲ ಮೇಲೆ ತುಂಬಿದ ಕೊಡ ಹೊರಿಸಿ ಒಂದು ತಾಸು ನಿಲ್ಲಿಸಿ, ಎಲ್ಲಿ ಒತ್ತುತ್ತದೆ ಎಂದು ಕೇಳಿ ಕೇಳಿ ಸುಣ್ಣದಿಂದ ಗುರುತು ಹಾಕಿದ. ಲಾಡಿಯನ್ನು ಬೆರಳ ಹತ್ತಿರ ಸಡಿಲ, ಪಾದದ ನಡುವೆ ಬಿಗಿ, ಕಣಕಾಲಿನಲ್ಲಿ ಮೊಣಕಾಲು ಬಗ್ಗುವಷ್ಟು ಮಾತ್ರ ಬಿಗಿಯುವುದೆಂದು ತೀರ್ಮಾನವಾಯಿತು.

ಎಡಗಾಲಿನ ಬೂಟಿನದೇ ಬೇರೆ ಕಥೆ. ತಿಪ್ಪೇಶಪ್ಪ ಅಲಗಿನ ಎರಡು ಮೊಳೆ ಕಿತ್ತು, ಒಳಪಕ್ಕಕ್ಕೆ ಒಂದು ತೆಳು ಚರ್ಮದ ಸೀಳು ಇಟ್ಟು ಮತ್ತೆ ಬಡಿದ.

"ಅದ್ಯಾಕಪ್ಪ?"

"ಮೂರು ವರ್ಷದೋನು ಇದ್ದಾಗಿಂದ ನಿನ್ನ ಎಡಗಾಲು ಒಳಕ್ಕೆ ವಾಲ್ತೈತೆ. ನಿನ್ನ ಎಡಗಡೆ ಚಪ್ಪಲಿಗೆ ಯಾವಾಗ್ಲೂ ಒಳಮಗ್ಗಲು ಒಂದು ಪದರ ಹೆಚ್ಚು ಹಾಕ್ತಿದ್ದೆ. ಮಿಲಿಟ್ರಿಯೋರಿಗೆ ಅದು ಹೆಂಗೆ ಗೊತ್ತಾಗಬೇಕು?"

ಜಯಪ್ಪ ತನ್ನ ಕಾಲನ್ನೇ ನೋಡುತ್ತಾ ನಿಂತ. ಇಪ್ಪತ್ತಾರು ವರ್ಷಕ್ಕೆ ಅವನಿಗೆ ತನ್ನ ಕಾಲಿನ ಸುದ್ದಿ ಗೊತ್ತಾಯಿತು.

ಇನ್ನು ಆಟದ ಏಟು ತಡೆಯಲು ಮೊಣಕಾಲಿಂದ ಕೆಳಗೆ ಕಟ್ಟುವ ರಕ್ಷೆ. ಕ್ರಿಕೆಟ್ ಪ್ಯಾಡನ್ನೇ ಕತ್ತರಿಸಿ ಕಟ್ಟಿಕೊಳ್ಳುತ್ತಿದ್ದೆವು, ಓಡಾಟದಲ್ಲಿ ಅದು ಹಿಂದಕ್ಕೆ ತಿರುಗಿಬಿಡುತ್ತದೆ ಎಂದ ಜಯಪ್ಪ. ತಿಪ್ಪೇಶಪ್ಪ ಎಮ್ಮೆಯ ಚರ್ಮ ನೆನೆಸಿ, ಮಗನ ಕಾಲಿಗೇ ಸುತ್ತಿ ಹುರಿಯಿಂದ ಬಿಗಿದು, ಬಿಸಿಲಿಗೆ ಕೂರಿಸಿದ. ಮೇ ತಿಂಗಳ ಬಿಸಿಲು. ಚರ್ಮ ಕಾಲಿನ ಅಚ್ಚಿಗೇ ಒಣಗತೊಡಗಿತು. ಪಕ್ಕದ ಮನೆಯ ಗಾದ್ರಪ್ಪ ಕುರಿ ಹೊಡೆದುಕೊಂಡು ಹೋಗುತ್ತಿದ್ದವನು ಬೇಲಿಯಾಚೆ ನಿಂತ.

"ಏನ್ ತಿಪ್ಪೇಶಣ್ಣ, ಮಗನ್ನೇ ಹದ ಹಾಕಾಕೆ ಇಟ್ಟೀಯಾ?"

"ಹ್ಞೂಂ, ಚಿಕ್ಕೋನಿದ್ದಾಗ ಹಾಕಿದ್ದು ಸಾಲದಾಗಿತ್ತು."

ಜಯಪ್ಪ ನಕ್ಕ. ತಿಪ್ಪೇಶಪ್ಪ ಮಾತ್ರ ನಗಲಿಲ್ಲ, ಆ ಮಾತು ತನ್ನ ಬಾಯಿಂದ ಬಂದ ಬಗೆ ಅವನಿಗೇ ಹಿಡಿಸಲಿಲ್ಲ. ಒಣಗಿದ ರಕ್ಷೆಗೆ ಒಳಗಡೆ ಕಂಬಳಿ ಹೊಲಿದ. ಮೊಣಕಾಲ ಚಿಪ್ಪಿಗೆ ಬಟ್ಟಲಿನಂತೆ ಜಾಗ ಬಿಟ್ಟ. ಕೆಳಗೆ ರಕ್ಷೆಗೂ ಬೂಟಿಗೂ ನಡುವೆ ಬೆರಳಗಲ ಸಂದು ಉಳಿದಿದ್ದನ್ನು ಕಂಡು, ಏಟು ಬೀಳುವುದೇ ಅಲ್ಲಿ ಎಂದು ಇನ್ನೊಂದು ತುಂಡು ಸೇರಿಸಿದ.

ರಜೆ ಮುಗಿದು ಹೊರಡುವ ದಿನ ಜಯಪ್ಪ ಬೇವಿನ ಮರದ ಕೆಳಗೆ ಬಂದು ನಿಂತ. ಬಸ್ಸು ಇನ್ನೂ ಬಂದಿರಲಿಲ್ಲ.

"ಅಪ್ಪಾ, ಇದನ್ನ ಯಾರು ಮಾಡಿದ್ದು ಅಂತ ಅಲ್ಲಿ ಕೇಳ್ತಾರೆ."

ತಿಪ್ಪೇಶಪ್ಪ ತಲೆಯೆತ್ತಲಿಲ್ಲ. "ಜಗಳೂರಾಗೆ ಯಾರೋ ಮಾಡಿಕೊಟ್ರು ಅನ್ನು. ಹತ್ತೆಕರೆ ರೈತರ ಮಗನಿಗೆ ಮಾಡಿಕೊಡೋರು ಯಾರೂ ಸಿಗಲ್ವಾ?"

ಜಯಪ್ಪನ ಮುಖ ಬಾಡಿತು. ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಹೋದ. ತಿಪ್ಪೇಶಪ್ಪನಿಗೆ ಆ ಮಾತು ಆಡಬಾರದಿತ್ತು ಎನಿಸಿತು. ಮಳೆಗಾಲ ಕಳೆಯಿತು, ಶೇಂಗಾ ಕಿತ್ತರು, ಚಳಿ ಬಿತ್ತು. ಮಗನಿಂದ ಎರಡೇ ಸಾಲಿನ ಎರಡು ಕಾಗದ ಬಂದವು. ಹನುಮಂತಮ್ಮ ಮಗನನ್ನು ಬೈಯುತ್ತಿದ್ದಳು. ಅವನು ಮಾತ್ರ ಕಂಡವರ ಚಪ್ಪಲಿ ಹೊಲಿಯುತ್ತಾ ಆ ಎಡಗಾಲನ್ನೇ ನೆನೆಯುತ್ತಿದ್ದ. ನೆನೆದಷ್ಟೂ ಭಯ. ಕಾಲು ಮತ್ತೆ ಹೊರಳಿದರೆ ಮಗ ಈ ಊರಿನ ಕಡೆ, ಈ ಮರದ ಕಡೆ ತಿರುಗಿಯೂ ನೋಡುವುದಿಲ್ಲ ಎನಿಸುತ್ತಿತ್ತು.

ಎಂಬತ್ನಾಲ್ಕರ ಫೆಬ್ರವರಿಯಲ್ಲಿ ಒಂದು ದಪ್ಪ ಲಕೋಟೆ ಬಂತು. ಯಾವಾಗಲೂ ಮನೆಗೆ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ ಅವತ್ತು ಮರದ ಹತ್ತಿರವೇ ಬಂದ. "ವಿಳಾಸ ಇಲ್ಲಿಗೇ ಬರೆದಾರೆ" ಎಂದ.

ತಿಪ್ಪೇಶಪ್ಪ ಅಕ್ಷರ ಕೂಡಿಸಿ ಓದಿದ. ತಿಪ್ಪೇಶಪ್ಪ, ಚಪ್ಪಲಿ ಹೊಲಿಯುವವರು, ಬಸ್ ಸ್ಟ್ಯಾಂಡ್ ಎದುರು, ಬೇವಿನ ಮರದ ಕೆಳಗೆ, ಜಗಳೂರು.

ಒಳಗೆ ಒಂಬತ್ತು ಹಾಳೆಗಳಿದ್ದವು. ಪ್ರತಿ ಹಾಳೆಯ ಮೇಲೂ ಒಂದೊಂದು ಜೊತೆ ಪಾದ ಇಟ್ಟು, ಸುತ್ತ ಪೆನ್ಸಿಲಿನಿಂದ ಗೀಚಿ, ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲ ಎಂದು ಬರೆಯಲಾಗಿತ್ತು. ಜೊತೆಗೊಂದು ಕಾಗದ.

"ಅಪ್ಪಾ, ಮೂರು ಮ್ಯಾಚ್ ಆಡಿದೆ. ಎರಡು ಸೋತೆವು, ಒಂದು ಗೆದ್ದೆವು. ಎಡಗಾಲು ಒಂದು ಸಲವೂ ಹೊರಳಲಿಲ್ಲ. ಯಾರು ಮಾಡಿದ್ದು ಅಂತ ಸುಬೇದಾರರು ಎಲ್ಲರ ಮುಂದೆ ಕೇಳಿದರು. ನಮ್ಮಪ್ಪ, ಚಪ್ಪಲಿ ಹೊಲಿಯುತ್ತಾರೆ ಅಂದೆ. ಹೊನ್ನಾಳಿಯವನು ನಿನ್ನ ಹತ್ತೆಕರೆ ಏನಾಯಿತೋ ಅಂದ. ಇರಲೇ ಇಲ್ಲ ಅಂದೆ. ಅವನು ಹಣ್ಣು ಕೊಟ್ಟ ಅಜ್ಜ ನೀನೇ ಅಂತ, ಮರದ ಕೆಳಗೆ ನೀನು ಹತ್ತೆಕರೆ ಅಂದ ದಿನವೇ ನನಗೆ ಗೊತ್ತಾಯಿತು. ನನ್ನ ತಪ್ಪಾಯಿತು. ಇವರೆಲ್ಲ ತಮ್ಮ ಬೂಟೂ ಸರಿಯಾಗಬೇಕು ಅಂತಾರೆ. ಏನೇನು ಹೊಲಿಯಬೇಕು ಅಂತ ನೋಡಿ ತಿಳಿಸು."

ತಿಪ್ಪೇಶಪ್ಪ ಹಾಳೆಗಳನ್ನು ಗಾಳಿಗೆ ಹಾರದಂತೆ ಒಂದೊಂದು ಕಲ್ಲು ಹೇರಿ ಮರದ ಕೆಳಗೆ ಹರಡಿದ. ಕಣ್ಣು ಮಂಜಾಗಿ ಗೀಟುಗಳು ಒಂದಕ್ಕೊಂದು ಕೂಡಿಕೊಂಡವು. ಎರಡು ಸಲ ಒರೆಸಿಕೊಂಡ. ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದ ಅಪರಿಚಿತನೊಬ್ಬ ಹತ್ತಿರ ಬಂದು ಬಗ್ಗಿ ನೋಡಿದ.

"ಇವೆಲ್ಲ ಯಾರ ಕಾಲು ಅಜ್ಜಾ?"

"ಜಯಪ್ಪ ಅನ್ನೋನ ಜೊತೆಯೋರವು. ಮಿಲಿಟ್ರೀಲಿ ಅದಾನೆ" ಎಂದ ತಿಪ್ಪೇಶಪ್ಪ. ಅವನು ಕೇಳದಿದ್ದರೂ ಹೇಳಿದ: "ಅವನಪ್ಪ ನಾನೇ."